ನಾನು ನೋಡದ ಅಭಿಮನ್ಯು

ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನು ಬಡಿದುಕೊಂಡರೆ ಯಾರದೋ ಹೆಸರು ಬಿಟ್ಟುಹೋಗಿದೆ ಎಂದೇ ಅರ್ಥ. ಒಮ್ಮೆ ವಿದುರ, ಒಮ್ಮೆ ಎರಡನೇ ಭೀಮ, ಇನ್ನೊಮ್ಮೆ ಪರದೆ ಎಳೆದವರು. ಮಾತು ಮಾತ್ರ ಯಾವಾಗಲೂ ಹೊಗಳಿಕೆಯಿಂದಲೇ ಶುರುವಾಗುತ್ತದೆ. "ಮೇಡಂ, ಬಹಳ ಚೆನ್ನಾಗಿ ಬರೆದಿದ್ದೀರಿ. ಎಲ್ಲ ಸರಿಯಾಗಿದೆ. ಆದರೆ ವಿದುರನ ಹೆಸರೇ ಇಲ್ಲವಲ್ಲ?" ವಿದುರ ಅಂದು ವೇದಿಕೆಯ ಮೇಲೆ ಇದ್ದದ್ದು ಹನ್ನೆರಡು ನಿಮಿಷ. ಆದರೆ ಆ ಹನ್ನೆರಡು ನಿಮಿಷಕ್ಕಾಗಿ ಅವರು ಮೂರು ತಿಂಗಳು ಸಂಜೆ ಹೊಲದಿಂದ ಬೇಗ ಮನೆಗೆ ಬಂದಿದ್ದಾರೆ, ಕೈಯಿಂದ ದುಡ್ಡು ಹಾಕಿದ್ದಾರೆ. ಪತ್ರಿಕೆಯ ತುಂಡನ್ನು ಕತ್ತರಿಸಿ ಕಟ್ಟು ಹಾಕಿಸೋಣ ಎಂದುಕೊಂಡಿದ್ದವರು ಅವರು.

ನಾನು ವೃತ್ತಿಯಲ್ಲಿ ಬ್ಯಾಂಕಿನವಳು. ತುಮಕೂರಿನ ಒಂದು ಸಣ್ಣ ದಿನಪತ್ರಿಕೆಯ ಭಾನುವಾರದ ಪುಟಕ್ಕೆ ಎಂಟು ವರ್ಷಗಳಿಂದ ನಾಟಕಗಳ ಬಗ್ಗೆ ಬರೆಯುತ್ತಿದ್ದೇನೆ. ಸಂಭಾವನೆ ಎಂದರೆ ಪತ್ರಿಕೆಯ ಎರಡು ಪ್ರತಿ. ಸಂಪಾದಕರು ಮೊದಲ ದಿನವೇ ಎರಡು ಷರತ್ತು ಹಾಕಿದ್ದರು: ನಾನೂರು ಪದ ಮೀರಬಾರದು, ಊರವರ ಹೆಸರು ಬಿಡಬಾರದು. ಮೂವತ್ತೊಂದು ಪಾತ್ರಧಾರಿಗಳ ನಾಟಕದಲ್ಲಿ ಈ ಎರಡೂ ಒಟ್ಟಿಗೆ ನಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು ಎಂದು ನನಗೆ ಈಗ ಅನುಮಾನ.

ನಾಟಕ ನೋಡುವುದನ್ನು ನಾನು ಕಲಿತದ್ದು ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣನವರು 1949ರಲ್ಲಿ ಗೆಳೆಯರ ಜೊತೆ ಸೇರಿ ಅಲ್ಲಿ ಕಟ್ಟಿದ ನಾಟಕ ಸಂಸ್ಥೆ ನೀನಾಸಮ್ ಅಕ್ಟೋಬರಿನಲ್ಲಿ ಶಿಬಿರ ನಡೆಸುತ್ತದೆ; ರಜೆ ಹಾಕಿ ಎರಡು ಸಲ ಹೋಗಿದ್ದೆ. ರಾತ್ರಿ ನಾಟಕ, ಮರುದಿನ ಬೆಳಿಗ್ಗೆ ಅದೇ ನಾಟಕದ ಮೇಲೆ ಚರ್ಚೆ. ಮಲೆನಾಡಿನ ತಿಂಡಿ ತಿಂದು, ಕಾಫಿ ಲೋಟ ಕೈಯಲ್ಲಿ ಹಿಡಿದು, ಹಿಂದಿನ ರಾತ್ರಿ ಮೆಚ್ಚಿ ಚಪ್ಪಾಳೆ ತಟ್ಟಿದ್ದನ್ನೇ ಹಗಲು ಬೆಳಕಿನಲ್ಲಿ ಬಿಚ್ಚಿ ನೋಡುವ ಆ ಅಭ್ಯಾಸ ನನಗೆ ಹಿಡಿಸಿತು. ಜೊತೆಗೆ ಒಂದಷ್ಟು ಪದಗಳೂ ಅಂಟಿಕೊಂಡವು. ಅವುಗಳನ್ನು ಬಿಡಿಸಿಕೊಳ್ಳಲು ಆಮೇಲೆ ಮೂರು ವರ್ಷ ಬೇಕಾಯಿತು.

ಮೊದಲ ವಿಮರ್ಶೆ ನಮ್ಮೂರಿನ ಹವ್ಯಾಸಿ ತಂಡವೊಂದರ ಹೊಸ ನಾಟಕದ ಮೇಲೆ. ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರದಲ್ಲಿ ಪ್ರದರ್ಶನ. ಮುಕ್ಕಾಲು ಪಾಲು ಪ್ರೇಕ್ಷಕರು ನಟರ ನೆಂಟರು. 'ದೇಹಭಾಷೆಯ ಸಾಂಕೇತಿಕತೆ', 'ರಂಗಾವಕಾಶದ ಸಮರ್ಥ ಬಳಕೆ' ಎಂದೆಲ್ಲ ಬರೆದೆ. ನಾಲ್ಕು ದಿನ ಬಿಟ್ಟು ಮಾವನವರಿಗೆ ಬಿ.ಪಿ. ಮಾತ್ರೆ ತರಲು ಔಷಧಿ ಅಂಗಡಿಗೆ ಹೋದರೆ ಕೌಂಟರಿನ ಹಿಂದೆ ನಿಂತವನು ಆ ನಾಟಕದ ನಾಯಕ. ಚಿಲ್ಲರೆ ಎಣಿಸಿಕೊಡುತ್ತ ಮೆಲ್ಲಗೆ ಕೇಳಿದ: "ಮೇಡಂ, ಮೂರು ಸಲ ಓದಿದೆ. ಅಂದರೆ ನಾನು ಚೆನ್ನಾಗಿ ಮಾಡಿದೆನೋ, ಇಲ್ಲವೋ?" ನನಗೆ ಉತ್ತರ ಗೊತ್ತಿರಲಿಲ್ಲ. ಏಕೆಂದರೆ ಅವನ ಅಭಿನಯವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಕತ್ತಲೆಯಲ್ಲಿ ಪುಸ್ತಕದ ಮೇಲೆ ಬಗ್ಗಿ 'ಸಾಂಕೇತಿಕತೆ' ಎಂದು ಬರೆದುಕೊಳ್ಳುತ್ತಿದ್ದೆ.

ಈ ಪಟ್ಟಣದ ನಾಟಕಗಳ ವಿಷಯವನ್ನು ಇಲ್ಲಿಗೆ ಬಿಡುತ್ತೇನೆ. ನನ್ನನ್ನು ನಿಜವಾಗಿ ಹಣ್ಣುಗಾಯಿ ಮಾಡಿದ್ದು ಹಳ್ಳಿಯ ಕುರುಕ್ಷೇತ್ರ.

ತುಮಕೂರು, ಮಂಡ್ಯ, ರಾಮನಗರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸುಗ್ಗಿ ಮುಗಿದು, ರಾಗಿ ಮನೆ ಸೇರಿ, ಊರ ಜಾತ್ರೆ ಹತ್ತಿರ ಬಂತೆಂದರೆ ಯಾವುದಾದರೊಂದು ಬಯಲಿನಲ್ಲಿ ದರ್ಬಾರಿನ ಪರದೆ ಏಳುತ್ತದೆ. ಇದರ ಬೇರು ಕಂಪನಿ ನಾಟಕಗಳಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದೇ. ವೀರಣ್ಣನವರು 1930ರ ದಶಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದ ಕುರುಕ್ಷೇತ್ರದ ಮಾತನ್ನು ಇಲ್ಲಿನ ಮುದುಕರು ತಾವೇ ಕಂಡವರಂತೆ ಹೇಳುತ್ತಾರೆ. ಕಂಡವರು ಅವರ ಅಪ್ಪಂದಿರು. ಕಂಪನಿಯಲ್ಲಿ ನಟನಿಗೆ ಸಂಬಳವಿತ್ತು. ಹಳ್ಳಿಯಲ್ಲಿ ಲೆಕ್ಕ ತಿರುಗುಮುರುಗು: ನಟನೇ ದುಡ್ಡು ಕೊಡುತ್ತಾನೆ. ಪಾರ್ಟು ದೊಡ್ಡದಾದಷ್ಟೂ ಪಾಲು ದೊಡ್ಡದು. ಕೃಷ್ಣನಾಗಲು ಆಸೆಪಟ್ಟವರು ಇಬ್ಬರಿದ್ದರೆ ಜಗಳವಿಲ್ಲ, ಒಂದನೇ ಕೃಷ್ಣ, ಎರಡನೇ ಕೃಷ್ಣ. ಒಬ್ಬ ಶಯನದ ಸೀನಿನವರೆಗೆ, ಇನ್ನೊಬ್ಬ ಸಂಧಾನಕ್ಕೆ. ಆ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಸೀನರಿಯವರು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳು ಎಲ್ಲರಿಗೂ ಹೋಗಬೇಕು. ನಮ್ಮ ಶಾಖೆಯಲ್ಲಿಯೇ ಚಿನ್ನ ಅಡವಿಟ್ಟು ಅರ್ಜುನನಾದವರನ್ನು ನಾನು ಬಲ್ಲೆ. ಅರ್ಜಿಯಲ್ಲಿ ಉದ್ದೇಶ 'ಕೃಷಿ' ಎಂದಿರುತ್ತದೆ. ನಾನೂ ಕಣ್ಣು ಮುಚ್ಚಿ ಸಹಿ ಹಾಕಿದ್ದೇನೆ.

ನಾನು ವಿಮರ್ಶೆಗೆಂದು ಹೋದ ಮೊದಲ ಕುರುಕ್ಷೇತ್ರ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯದು. ಒಂಬತ್ತಕ್ಕೆ ಎಂದವರು ಹತ್ತೂವರೆಗೆ ಗಣಪತಿಗೆ ಮಂಗಳಾರತಿ ಎತ್ತಿದರು. ಅದಕ್ಕೂ ಮೊದಲು ಭಾಷಣ, ಶಾಲು, ಹಾರ. ನಾಟಕ ಶುರುವಾದ ಮೇಲೂ ದುರ್ಯೋಧನ ಒಂದು ಪದ್ಯ ಮುಗಿಸಿದರೆ ಸಾಕು, ಸೈಡಿನಿಂದ ಹಾರ ಹಿಡಿದುಕೊಂಡು ಹತ್ತು ಜನ. ನೋಟಿನ ಸರ, ಫೋಟೊ, ಮೈಕಿನಲ್ಲಿ "ದುರ್ಯೋಧನ ಪಾತ್ರಧಾರಿಗೆ ಅವರ ಅಕ್ಕನ ಮನೆಯವರಿಂದ 501 ರೂಪಾಯಿ ಮುಯ್ಯಿ". ಅಷ್ಟು ಹೊತ್ತೂ ಭೀಷ್ಮ, ದ್ರೋಣ, ಕರ್ಣರು ಕುರ್ಚಿಯಲ್ಲಿ ಕುಳಿತು ಮೊಬೈಲ್ ನೋಡುವುದೊಂದು ಬಾಕಿ.

ನನ್ನನ್ನು ಕೆರಳಿಸಿದ್ದು ಮೈಕು. ವೇದಿಕೆಯ ಅಂಚಿನಲ್ಲಿ ಮೂರು ಮೈಕು ನೆಟ್ಟಿದ್ದರು. ಇಡೀ ಹಸ್ತಿನಾವತಿ ಆ ಮೂರು ಕಂಬಗಳ ಸುತ್ತ ಬದುಕುತ್ತಿತ್ತು. ಭೀಮ ಕೋಪದಿಂದ ಗದೆ ಎತ್ತಿ ಹಿಂದಿನಿಂದ ನುಗ್ಗುತ್ತಾನೆ. ಮೈಕು ಬಂತೆಂದರೆ ನಿಂತು, ಗಂಟಲು ಸರಿಮಾಡಿಕೊಂಡು, ಆಮೇಲೆ ಕೋಪ ಮುಂದುವರಿಸುತ್ತಾನೆ. ಎದುರಾಳಿಗೆ ಬೈಯಬೇಕಾದದ್ದನ್ನು ನಮಗೆ ಬೈಯುತ್ತಾನೆ. ಮೈಕಿಲ್ಲದೆ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸುತ್ತಿದ್ದ ಕಂಪನಿಯವರ ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಒಂದೂವರೆಗೆ ಎದ್ದು ಸ್ಕೂಟರ್ ಹತ್ತಿದೆ. ಮರುದಿನ 'ಮೈಕಿನ ಮುಂದೆ ಕುರುಕ್ಷೇತ್ರ' ಎಂದು ತಲೆಬರಹ ಕೊಟ್ಟು ನಾನೂರು ಪದ ಬರೆದೆ. ಓದಿದ ಸಹೋದ್ಯೋಗಿಗಳು ನಕ್ಕರು. ನನಗೂ ಹೆಮ್ಮೆಯಾಯಿತು.

ಭಾನುವಾರ ಬಂದದ್ದು ವಿದುರನ ಫೋನಲ್ಲ, ಹಾರ್ಮೋನಿಯಂ ಮೇಷ್ಟ್ರದು. ವಯಸ್ಸಾದ ದನಿ, ಅವಸರವಿಲ್ಲ.

"ಮೈಕಿನ ವಿಷಯ ಬರೆದಿದ್ದೀರಿ. ಸರಿ ಇದೆ ಅಮ್ಮ, ನಾನೂ ಬೈದು ಬೈದು ಸಾಕಾಗಿದೆ. ಅಭಿಮನ್ಯುವಿನ ಬಗ್ಗೆ ಏನೂ ಬರೆಯಲಿಲ್ಲವಲ್ಲ? ಹೊಸ ಹುಡುಗ. ಹೇಗನ್ನಿಸಿತು?"

ಅಭಿಮನ್ಯು ಬರುವುದು ಬೆಳಗಿನ ಜಾವಕ್ಕೆ. ನಾನು ಆ ಹೊತ್ತಿಗೆ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ.

"ಚೆನ್ನಾಗಿ ಮಾಡಿದ ಮೇಷ್ಟ್ರೇ. ಜಾಗ ಸಾಲಲಿಲ್ಲ, ಅದಕ್ಕೇ ಬರೆಯಲಾಗಲಿಲ್ಲ" ಎಂದೆ.

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, ಗದರಿಕೆಯ ಲವಲೇಶವೂ ಇಲ್ಲದೆ ಹೇಳಿದರು: "ಆ ಸೀನನ್ನು ಅಂದು ಆಡಲೇ ಇಲ್ಲ ಅಮ್ಮ. ಹಾರ ತುರಾಯಿಯಲ್ಲಿ ಹೊತ್ತು ಹೋಗಿ ಬೆಳಗಾಗಿಬಿಟ್ಟಿತು. ಹುಡುಗ ವೇಷ ಹಾಕಿಕೊಂಡೇ ಮನೆಗೆ ಹೋದ."

ಫೋನು ಕಿವಿಗೆ ಅಂಟಿಕೊಂಡಂತಾಯಿತು. ಏನಾದರೂ ಹೇಳಬೇಕಿತ್ತು, ಏನು ಹೇಳಿದೆನೋ ನೆನಪಿಲ್ಲ. ಮೇಷ್ಟ್ರು ಮಾತು ಬೆಳೆಸಲಿಲ್ಲ. ಪಕ್ಕದ ಊರಿನಲ್ಲಿ ಹೊಸದಾಗಿ ಕಲಿಸಲು ಹಿಡಿದಿರುವುದಾಗಿಯೂ, ಬಿಡುವಿದ್ದರೆ ಒಂದು ಸಂಜೆ ಬರಬಹುದೆಂದೂ ಹೇಳಿ ಇಟ್ಟರು.

ಹೋದೆ. ಆ ವರ್ಷ ಒಟ್ಟು ಆರು ಸಲ ಹೋದೆ. ತಾಲೀಮು ನಡೆಯುತ್ತಿದ್ದದ್ದು ಕೊಬ್ಬರಿ ತುಂಬುವ ಒಂದು ಉದ್ದನೆಯ ಮನೆಯಲ್ಲಿ. ಒಳಗೆ ಕಾಲಿಟ್ಟರೆ ಎಣ್ಣೆಯ ಕಮಟು. ಸುಲಿದ ಸಿಪ್ಪೆಯ ರಾಶಿಯನ್ನು ಒಂದು ಕಡೆ ತಳ್ಳಿ, ಚಾಪೆ ಹಾಸಿ, ಮಧ್ಯೆ ಹಾರ್ಮೋನಿಯಂ. ಹಾಲಿನ ಡೇರಿಯ ಕಾರ್ಯದರ್ಶಿ ಕೃಷ್ಣ, ಲಾರಿ ಓಡಿಸುವವನು ಕರ್ಣ, ವಿದ್ಯುತ್ ಕಂಬ ಹತ್ತುವ ಕೆಲಸದವನು ಒಂದನೇ ದುರ್ಯೋಧನ. ಎಂಟಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತಿತ್ತು, ಕರೆಂಟು ಹೋದರೆ ಇನ್ನೂ ಬೇಗ.

ಅಲ್ಲಿ ನಾನು ಮೊದಲ ಸಲ ನೋಡಿದ್ದು ಮೇಷ್ಟ್ರು ಮಾಡುವ ವಿಮರ್ಶೆ. ಅವರು ಯಾರಿಗೂ 'ಚೆನ್ನಾಗಿಲ್ಲ' ಎನ್ನುತ್ತಿರಲಿಲ್ಲ. ಕರ್ಣನಿಗೆ ಕಪ್ಪು ಎರಡರ, ಎಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮಣೆಯ ಎತ್ತರದ ಶ್ರುತಿಯಲ್ಲಿ ಹಾಡುವ ಹಟ. ಮೇಲಿನ ಸ್ವರಕ್ಕೆ ಹೋದಾಗ ಕತ್ತಿನ ನರ ಉಬ್ಬುತ್ತಿತ್ತು, ಪದ್ಯದ ಒಂದಕ್ಷರವೂ ಕೇಳುತ್ತಿರಲಿಲ್ಲ. ಮೇಷ್ಟ್ರು ಎರಡು ವಾರ ಸುಮ್ಮನಿದ್ದರು. ಮೂರನೇ ವಾರ ಅವನಿಗೆ ಹೇಳದೆಯೇ ಬಿಳಿ ಒಂದಕ್ಕೆ ಇಳಿಸಿ ನುಡಿಸಿದರು. ಕರ್ಣ ಹಾಡಿ ಮುಗಿಸಿ, "ಇವತ್ತು ಗಂಟಲು ಒಳ್ಳೆಯದಾಗಿದೆ ಮೇಷ್ಟ್ರೇ" ಎಂದ. "ಮನೆಯಲ್ಲಿ ಬಿಸಿನೀರು ಕುಡಿದಿರಬೇಕು" ಎಂದು ಮೇಷ್ಟ್ರು ಅದನ್ನು ಅಲ್ಲಿಗೇ ಮುಗಿಸಿದರು. ನಾನು ಇದನ್ನೇ ಬರೆದಿದ್ದರೆ 'ಕರ್ಣನ ಪಾತ್ರಧಾರಿ ಗಾಯನದಲ್ಲಿ ಇನ್ನಷ್ಟು ಪರಿಶ್ರಮ ವಹಿಸಬೇಕಿತ್ತು' ಎನ್ನುತ್ತಿದ್ದೆ. ಪರಿಶ್ರಮಕ್ಕೆ ಏನೂ ಕೊರತೆ ಇರಲಿಲ್ಲ, ಪರಿಶ್ರಮವೇ ತೊಂದರೆಯಾಗಿತ್ತು.

ಇನ್ನೊಂದು ಸಂಗತಿ ಕುಂತಿಯದು. ಸ್ತ್ರೀ ಪಾತ್ರಗಳಿಗೆ ಬರುವ ಕಲಾವಿದೆಯರು ಕೊನೆಯ ಒಂದೆರಡು ತಾಲೀಮಿಗಷ್ಟೇ ಬರುತ್ತಾರೆ. ಅವರಿಗೆ ಇಡೀ ನಾಟಕ ಬಾಯಿಪಾಠ. ಸುಗ್ಗಿಯ ಕಾಲದಲ್ಲಿ ಇವತ್ತು ಒಂದು ಊರು, ನಾಳೆ ಇನ್ನೊಂದು. ನಮ್ಮ ಕುಂತಿ ಸಂಜೆಯ ಬಸ್ಸಿನಲ್ಲಿ ಬಂದು, ಚೀಲದಿಂದ ಬಿಸ್ಕತ್ತು ತೆಗೆದು ಟೀಯಲ್ಲಿ ಅದ್ದಿ ತಿಂದು, "ಕರ್ಣ ಯಾರಪ್ಪ?" ಎಂದರು. ಲಾರಿಯವನು ಎದ್ದು ನಿಂತ. ಅವನಿಗೆ ಆರಡಿ ಎತ್ತರ, ಭಯ ಏಳಡಿ. ಕುಂತಿ ಅವನ ಭುಜದ ಮೇಲೆ ಕೈಯಿಟ್ಟು "ಮಗನೇ" ಎಂದು ಮಾತು ಶುರುಮಾಡಿದರು. ಎರಡನೇ ಸಲ ಮಾಡಿಸಿದಾಗ ಗಮನಿಸಿದೆ: ಆ ಕೈ ಅವನನ್ನು ಇಂಚಿಂಚಾಗಿ ಎಡಕ್ಕೆ ತಿರುಗಿಸುತ್ತಿತ್ತು. ಆಮೇಲೆ ಕೇಳಿದೆ. "ಮೈಕಿನ ಕಡೆಗೆ ಮೇಡಂ" ಎಂದು ನಕ್ಕರು. "ಇವರಾಗಿ ಹೋದರೆ ಓಡಿಹೋಗಿ ನಿಲ್ಲುತ್ತಾರೆ, ನೋಡಲು ಚೆಂದವಿರುವುದಿಲ್ಲ. ನಾನೇ ಕರೆದುಕೊಂಡು ಹೋಗಿ ನಿಲ್ಲಿಸಿದರೆ ತಾಯಿ ಕರೆದುಕೊಂಡು ಹೋದ ಹಾಗೆ ಕಾಣುತ್ತದೆ."

ಪುಸ್ತಕದಲ್ಲಿ ಅದನ್ನು ಬರೆದುಕೊಂಡು ಎರಡು ಗೆರೆ ಎಳೆದೆ. ಮೈಕು ನಾಟಕವನ್ನು ಕೆಡಿಸುತ್ತದೆ ಎಂದು ನಾನು ಬರೆದದ್ದು ಸುಳ್ಳಲ್ಲ. ಆದರೆ ಆ ಕೆಡುಕನ್ನೇ ಅಭಿನಯವಾಗಿಸಿಕೊಂಡವರು ಅದೇ ವೇದಿಕೆಯ ಮೇಲೆ ಇದ್ದರು, ಬಹುಶಃ ಆ ಮೊದಲ ರಾತ್ರಿಯೂ ಇದ್ದರು.

ಪ್ರದರ್ಶನದ ದಿನ ಈ ಸಲ ಸ್ಕೂಟರ್ ತರಲಿಲ್ಲ. ಎದ್ದು ಹೋಗುವ ದಾರಿ ಇರಬಾರದೆಂದು ಕೊನೆಯ ಬಸ್ಸಿಗೆ ಹೋದೆ. ಶಾಲು, ನೀರಿನ ಬಾಟಲಿ, ಎರಡು ಪೆನ್ನು. ಕತ್ತಲೆಯಲ್ಲಿ ಬರೆಯುವುದಕ್ಕೆ ಈಗ ನನ್ನದೊಂದು ಕ್ರಮವಿದೆ: ಪುಟಕ್ಕೆ ಒಂದೇ ವಾಕ್ಯ, ದಪ್ಪಕ್ಷರದಲ್ಲಿ; ಇಲ್ಲದಿದ್ದರೆ ಮರುದಿನ ಶಕುನಿಯ ಮೇಲೆ ದ್ರೌಪದಿ ಕುಳಿತಿರುತ್ತಾಳೆ. ಅಭಿಪ್ರಾಯ ಬರೆಯುವುದಿಲ್ಲ, ಕಂಡದ್ದನ್ನು ಮಾತ್ರ. 'ದು. 1 ಕೂರುವಾಗ ಪ್ರತಿ ಸಲ ಕೆಳಗೆ ನೋಡುತ್ತಾನೆ.' 'ದು. 2 ನೋಡದೆ ಕೂರುತ್ತಾನೆ, ಸಿಂಹಾಸನ ಅವನದೇ.' ಮಾತಾಡುತ್ತಿರುವವನನ್ನು ಎಲ್ಲರೂ ನೋಡುತ್ತಾರೆ, ಹಾಗಾಗಿ ನಾನು ಮಾತಿಲ್ಲದವರನ್ನು ನೋಡುತ್ತೇನೆ. ಆ ರಾತ್ರಿ ದರ್ಬಾರಿನಲ್ಲಿ ಒಂದು ಮಾತೂ ಇಲ್ಲದ ಸೇವಕನೊಬ್ಬನಿದ್ದ. ಚಾಮರ ಬೀಸುವ ಕೆಲಸ. ಕೃಷ್ಣ ಸಂಧಾನಕ್ಕೆ ಬಂದು ಐದು ಊರು ಕೇಳಿದಾಗ ಅವನ ಚಾಮರ ನಿಂತಿತು. ಯಾರೋ ಹೇಳಿಕೊಟ್ಟದ್ದೋ, ಕೈ ನೋವೋ ತಿಳಿಯದು. ದುರ್ಯೋಧನ ಆಗುವುದಿಲ್ಲ ಎಂದ ಮೇಲೆ ಮತ್ತೆ ಬೀಸತೊಡಗಿದ.

ಹೆಂಗಸರ ಕಡೆ ಚಾಪೆಯ ಮೇಲೆ ಕುಳಿತಿದ್ದೆ. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಮಡಿಲಲ್ಲಿ ಮಲಗಿದ ಮೊಮ್ಮಗು. ಅವರು ಎಷ್ಟು ಕುರುಕ್ಷೇತ್ರ ನೋಡಿದ್ದಾರೋ ಲೆಕ್ಕವಿಲ್ಲ. ನಟ ಮಾತು ಮರೆತರೆ ಇವರು ಇಲ್ಲಿಂದಲೇ ಹೇಳಿಕೊಡುತ್ತಿದ್ದರು. ಎರಡನೇ ಅರ್ಜುನ ಒಂದು ಕಡೆ ಎದೆ ಬಡಿದುಕೊಂಡು ಅಳತೊಡಗಿದ. ಜನ 'ವನ್ಸ್ ಮೋರ್' ಎಂದರು. ಅವನು ಮತ್ತೊಮ್ಮೆ ಅತ್ತ. ಅಜ್ಜಿ ಎಲೆಯಡಿಕೆ ಮೆಲ್ಲುತ್ತ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು: "ಅವನೇ ಇಷ್ಟು ಅತ್ತುಬಿಟ್ಟರೆ ನಮಗೇನು ಉಳಿಯಿತು?"

ಹೆಗ್ಗೋಡಿನ ಬೆಳಗಿನ ಚರ್ಚೆಯಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಮುಯ್ಯಿಯ ಕಾಟ ಈ ಊರಿನಲ್ಲಿಯೂ ತಪ್ಪಲಿಲ್ಲ. ಎರಡೂವರೆಗೆ ಸಂಧಾನದ ಸೀನಿನ ನಟ್ಟನಡುವೆ ಕೃಷ್ಣನಿಗೆ ಸೇಬಿನ ಹಾರ ಬಂತು. ಅದನ್ನು ಹೊತ್ತು ನಿಲ್ಲಲಾರದೆ ಕೃಷ್ಣ ಬಾಗಿದ. ಪಾಂಡವರ ಪರವಾಗಿ ಬೇಡಿಕೊಳ್ಳುವವನಂತೆ ಕಂಡದ್ದು ಅಲ್ಲಿ ಮಾತ್ರ. ನಾನು ಆಕಳಿಸುತ್ತ ಗಡಿಯಾರ ನೋಡಿಕೊಳ್ಳುತ್ತಿದ್ದೆ. ಈ ಸಲವೂ ಅಭಿಮನ್ಯು ಬರದಿದ್ದರೆ?

ಬಂದ. ನಾಲ್ಕು ಗಂಟೆ ಹತ್ತು ನಿಮಿಷ. ಹಿಂದಿನ ವರ್ಷ ವೇಷದಲ್ಲೇ ಮನೆಗೆ ಹೋಗಿದ್ದ ಅದೇ ಹುಡುಗ. ಅವನ ಅಜ್ಜಿಯ ಊರು ಇದು, ಅವನಪ್ಪ ಇಲ್ಲಿಯೂ ಪಾರ್ಟು ಕೊಡಿಸಿದ್ದ. ರಾತ್ರಿ ಒಂಬತ್ತಕ್ಕೆ ಮುಖಕ್ಕೆ ಹಚ್ಚಿದ ಬಣ್ಣ ಅರ್ಧ ಕರಗಿತ್ತು. ವೇದಿಕೆಯ ಕೆಳಗೆ ಗೋಣಿಚೀಲದ ಮೇಲೆ ಮಲಗಿದ್ದವನ ಬೆನ್ನಿನ ಜರಿಯಲ್ಲಿ ಸೆಣಬಿನ ಎಳೆ ಅಂಟಿಕೊಂಡಿತ್ತು. ಉತ್ತರೆಯನ್ನು ಬೀಳ್ಕೊಳ್ಳುವ ಪದ್ಯಕ್ಕೆ ಬಾಯಿ ತೆರೆದ. ದನಿ ಬರಲಿಲ್ಲ. ಇಬ್ಬನಿಯಲ್ಲಿ ಮಲಗಿ ಗಂಟಲು ಕಟ್ಟಿತ್ತು. ಮೇಷ್ಟ್ರು ಮತ್ತೊಮ್ಮೆ ಎತ್ತುಗಡೆ ಕೊಟ್ಟರು, ಮತ್ತೆ ಗೊರಗೊರ. ಮೇಷ್ಟ್ರ ಬೆರಳುಗಳು ಮಣೆಗಳನ್ನು ಒಂದೊಂದಾಗಿ ಬಿಟ್ಟವು, ಬರೀ ಷಡ್ಜ ಉಳಿಯಿತು. ತಬಲ ನಿಂತಿತು.

ಹುಡುಗ ಮೇಷ್ಟ್ರನ್ನು ಒಮ್ಮೆ ನೋಡಿ, ಪದ್ಯವನ್ನು ಹೇಳತೊಡಗಿದ. ಹಾಡಲಿಲ್ಲ, ಹೇಳಿದ. ಒಡೆದ ದನಿಯಲ್ಲಿ, ಮೈಕಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಎದುರಿಗಿದ್ದ ಉತ್ತರೆಗೆ. ಮೈಕಿಗೆ ಹೋಗುವುದೇ ಅವನಿಗೆ ಮರೆತುಹೋಗಿತ್ತು. ಆ ಪದ್ಯದ ಅರ್ಥ ನನಗೆ ತಿಳಿದದ್ದು ಅಂದೇ. ಆಲಾಪನೆಯ ನಡುವೆ ಮುಳುಗಿಹೋಗುತ್ತಿದ್ದ ಒಂದು ಸರಳ ಮಾತು ಅಲ್ಲಿತ್ತು: ಬೇಗ ಬರುತ್ತೇನೆ. ಮಲಗಿದ್ದವರಲ್ಲಿ ಕೆಲವರು ಸದ್ದು ನಿಂತದ್ದಕ್ಕೇ ಎಚ್ಚರವಾಗಿ ಎದ್ದು ಕುಳಿತರು. ಅಜ್ಜಿ ಬಾಯಿಯಲ್ಲಿದ್ದುದನ್ನು ಮೆಲ್ಲುವುದು ನಿಲ್ಲಿಸಿ, ಮಗುವಿನ ಕಾಲಿನ ಮೇಲಿಂದ ಸರಿದಿದ್ದ ಟವೆಲನ್ನು ಎಳೆದು ಹೊದಿಸಿದರು.

ಮೊದಲ ಬಸ್ಸಿನಲ್ಲಿ ಮನೆಗೆ ಬಂದು, ಸ್ನಾನ ಮಾಡಿ, ಮಲಗದೆ ಬರೆದೆ. ಮೂವತ್ತೊಂದು ಹೆಸರುಗಳನ್ನೂ ಸೇರಿಸಿದ್ದರಿಂದ ವಿಮರ್ಶೆಗೆ ಉಳಿದದ್ದು ಇನ್ನೂರ ಎಪ್ಪತ್ತು ಪದ. ಕಂಡದ್ದನ್ನೇ ಬರೆದೆ: ಕುಂತಿಯ ಕೈ, ಚಾಮರದವನು, ಹಾಡದ ಪದ್ಯ, ಇಬ್ಬರು ದುರ್ಯೋಧನರು ಕೂರುವ ರೀತಿ. ಮುಯ್ಯಿಯನ್ನು ಸೀನಿನ ನಡುವೆ ಓದದೆ ಪರದೆ ಬಿದ್ದಾಗ ಓದಿರಿ ಎಂದೂ ಖಾರವಾಗಿ ಬರೆದೆ. (ಮುಂದಿನ ವರ್ಷ ಅದನ್ನು ಪಾಲಿಸಿದರು, ಆದರೆ ಪರದೆ ಬೀಳುವುದು ಎರಡರಷ್ಟಾಯಿತು.) ಅಜ್ಜಿಯ ಮಾತನ್ನು ಕದ್ದು ಬಳಸಿಕೊಂಡೆ, ಊರಿನ ಹಿರಿಯರೊಬ್ಬರು ಎಂದು.

ಭಾನುವಾರ ಮೊದಲು ಫೋನು ಮಾಡಿದ್ದು ಅಭಿಮನ್ಯುವಿನ ಅಪ್ಪ. ಅವರಿಗೆ ಬೇಸರವಾಗಿತ್ತು. ಮಗನ ಗಂಟಲು ಕೆಟ್ಟು ಹಾಡಲಾಗಲಿಲ್ಲ ಎಂಬುದನ್ನು ಊರೆಲ್ಲ ಮರೆತರೂ ಪೇಪರಿನಲ್ಲಿ ಅಚ್ಚಾಗಿ ಉಳಿಯಿತಲ್ಲ ಎಂದು. "ನಾನು ಅದನ್ನು ಹೊಗಳಿದ್ದೇನೆ" ಎಂದೆ. "ಹಾಡದಿದ್ದುದನ್ನು ಹೊಗಳಿದರೆ ಅದು ಕುಹಕ ಎಂದೇ ಎಲ್ಲರೂ ಹೇಳುತ್ತಾರೆ ಮೇಡಂ" ಎಂದರು. ಅವರನ್ನು ಒಪ್ಪಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.

ಎರಡನೆಯ ಫೋನು ಒಂದನೇ ದುರ್ಯೋಧನನದು. ಬಹಳ ಮರ್ಯಾದೆಯಿಂದ ಮಾತನಾಡಿದ. ವಿಮರ್ಶೆ ಓದಿದೆ, ತಪ್ಪು ತಿದ್ದಿಕೊಳ್ಳುತ್ತೇನೆ, ಆದರೆ ಒಂದು ವಿಷಯ ತಿಳಿದಿರಲಿ ಎಂದ.

"ನಾನು ಕೂರುವಾಗ ಕೆಳಗೆ ನೋಡುತ್ತಿದ್ದೆ ಎಂದು ಬರೆದಿದ್ದೀರಿ. ನಿಜ. ಸೀನರಿಯವರು ತಂದ ಸಿಂಹಾಸನದ ಒಂದು ಕಾಲು ಗಿಡ್ಡ ಮೇಡಂ, ಅಲುಗಾಡುತ್ತಿತ್ತು. ನೋಡದೆ ಕೂತಿದ್ದರೆ ಕಿರೀಟದ ಸಮೇತ ಭೀಷ್ಮನ ಮೇಲೆ ಬೀಳುತ್ತಿದ್ದೆ."

"ಎರಡನೆಯವರು ಆರಾಮಾಗಿ ಕೂತರಲ್ಲ?"

"ನನ್ನ ಪಾರ್ಟು ಮುಗಿದ ಮೇಲೆ ನಾನೇ ಹೋಗಿ ಆ ಕಾಲಿನ ಕೆಳಗೆ ಹೆಂಚಿನ ಚೂರು ಇಟ್ಟೆ."

ಮುಂದಿನ ಭಾನುವಾರ ಒಂದು ಸಾಲು ತಿದ್ದುಪಡಿ ಹಾಕಿಸಲೇ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿದ. "ಬೇಡ ಬಿಡಿ ಮೇಡಂ. ಅವನು ಆ ಪೇಪರಿಗೆ ಆಗಲೇ ಕಟ್ಟು ಹಾಕಿಸಿದ್ದಾನೆ."